ರೇಷ್ಮೆ ಹುಳುವಿನ ಜಾತಿಭೇದವೂ ಆಹಾರಭೇದವೂ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಹಿಪ್ಪುನೇರಳೆಯನ್ನು ಬೆಳೆಯುವ ರೈತರಲ್ಲಿ ಕೆಲವರು, ಸೊಪ್ಪು ಯಾವುದಾದರೇನು, ಹುಳು ತಿಂದರೆ ಸಾಕೆಂದು ಭಾವಿಸುವುದುಂಟು. ದ್ವಿತಳಿ ಹುಳುಗಳನ್ನು ತಂದು ಸಾಕುವವರಿಗೆ ಈ ಭಾವನೆಯಿಂದ ಬಹಳ ನಷ್ಟವುಂಟಾಗುತ್ತದೆ. ಒಂದು ಜಾತಿಗೆ ಸಾಕಾದ ಸೊಪ್ಪು ಮತ್ತೊಂದು ಜಾತಿಗೆ ಸಾಲದು.

ಮೈಸೂರು ಜಾತಿಯ ಹುಳುವು ಬಹುತಳಿಯದು. ಈ ಸೀಮೆಯ ಉಷ್ಣವನ್ನೂ ಸಾಧಾರಣವಾದ ಸೊಪ್ಪನ್ನೂ ಸಹಿಸಿಕೊಂಡು ಬಂದಿದೆ. ಆದರೆ ಇದರ ಗೂಡಿನ ತೂಕ ಸುಮಾರು 1 ಗ್ರಾಂ ಮಾತ್ರ. ಮೈಸೂರಿನಲ್ಲಿ 1961ರಲ್ಲಿ ಸ್ಥಾಪಿತವಾದ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು ಜಪಾನಿನ ಹುಳುಗಳಿಂದ ಸಿದ್ಧಪಡಿಸಿದ ಸಿ.ಎಸ್.ಆರ್. ದ್ವಿತಳಿಗಳ ಸಂಕರಗಳಲ್ಲಿ ಗೂಡು ಹೆಚ್ಚುಕಡಿಮೆ ಇಮ್ಮಡಿ ತೂಗುತ್ತದೆ. ಎಳೆಯ ಉದ್ದವು ಸುಮಾರು 1000 ಮೀಟರಿನಷ್ಟಿರುತ್ತದೆ. ರೇಷ್ಮೆಯು ಬಹುಪಾಲು ಸೊಪ್ಪಿನ ಸಸಾರಜನಕದಿಂದಲೇ ಆಗತಕ್ಕದ್ದಾದುದರಿಂದ, ಹೆಚ್ಚು ರೇಷ್ಮೆ ಕೊಡುವ ಹುಳುವಿಗೆ ಸಾರವತ್ತಾದ ಸೊಪ್ಪು ಹೆಚ್ಚಾಗಿ ಬೇಕು. ದೊರೆಯದಿದ್ದರೆ ಗೂಡು ತೆಳುವಾಗುವುದಲ್ಲದೆ ಹುಳು ರೋಗಕ್ಕೂ ಈಡಾಗುವುದು.

ಉಂಡುದು ದೇಹಕ್ಕೆ ಹತ್ತುವುದೂ ವಂಶಗುಣವನ್ನನುಸರಿಸಿಯೇ. ಹಿಪ್ಪುನೇರಳೆಯ ಎಲೆಯಲ್ಲಿ ಹಳದಿ ವರ್ಣದ್ರವ್ಯವಿದೆ. ಬಿಳಿಗೂಡಿನ ಹುಳುವೂ ಹಳದಿಗೂಡಿನ ಹುಳುವೂ ಒಂದೇ ತಟ್ಟೆಯ ಸೊಪ್ಪನ್ನು ತಿಂದರೂ, ಅದನ್ನು ಕರುಳಿನಿಂದ ರಕ್ತಕ್ಕೂ ರಕ್ತದಿಂದ ರೇಷ್ಮೆಗ್ರಂಥಿಗೂ ಸಾಗಿಸುವ ಗುಣವು ಹಳದಿಗೂಡಿನ ಜಾತಿಗೆ ಮಾತ್ರ ಹುಟ್ಟಿನಿಂದ ಬಂದಿರುತ್ತದೆ. ಜಪಾನಿನಲ್ಲಿ ಕೃತಕಾಹಾರವನ್ನು ಕೊಟ್ಟು ನೋಡಿದಾಗ, ಕೆಲವು ಜಾತಿಗಳು ತಿಂದು ಬೆಳೆದುವು, ಕೆಲವು ಮುಟ್ಟಲಿಲ್ಲ. ಮನುಷ್ಯರಲ್ಲಿಯೂ ಕೆಲವರಿಗೆ ದೊಡ್ಡವರಾದ ಮೇಲೆ ಹಾಲು ಜೀರ್ಣವಾಗುವುದೂ ಕೆಲವರಿಗೆ ಆಗದಿರುವುದೂ ಬಹುಮಟ್ಟಿಗೆ ವಂಶಗುಣದಿಂದಲೇ.

ಆದುದರಿಂದ ರೈತರು ಗಮನಿಸಬೇಕಾದುವು ಇವು:

1. ನೀರಾವರಿಯೂ ಗೊಬ್ಬರವೂ ಸಮೃದ್ಧವಾಗಿದ್ದಲ್ಲಿ ಮಾತ್ರ ದ್ವಿತಳಿಯನ್ನು ಸಾಕತಕ್ಕದ್ದು. ಮಳೆಯನ್ನೇ ನಂಬಿದ ತೋಟಕ್ಕೆ ಮೈಸೂರು ಜಾತಿ ಮತ್ತು ದ್ವಿತಳಿಗಳ ಮಿಶ್ರತಳಿಯೇ ಕ್ಷೇಮ.

2. ದ್ವಿತಳಿಗೆ ವಿ-1 ಜಾತಿಯ ಹಿಪ್ಪುನೇರಳೆ ಉತ್ತಮ. ನೀರಾವರಿಯಲ್ಲಿ ಹೆಕ್ಟೇರಿಗೆ ವರ್ಷಕ್ಕೆ 20 ಟನ್ ಕೊಟ್ಟಿಗೆ ಗೊಬ್ಬರವನ್ನೂ, 350 ಕಿಲೋಗ್ರಾಂ ಸಾರಜನಕ, 140 ರಂಜಕ, 140 ಪೊಟ್ಯಾಷ್ ದೊರೆಯುವಷ್ಟು ರಸಗೊಬ್ಬರವನ್ನೂ ಕಂತುಗಳಲ್ಲಿ ಕೊಡಬೇಕು.

3. ಚಾಕಿ ಹುಳುವಿಗೆ ಎಳೆಯ, ರಸವುಳ್ಳ ಸೊಪ್ಪು ಬೇಕು. ನಾಲ್ಕನೆಯ ಜ್ವರದಿಂದ ಎದ್ದಮೇಲೆ ಬಲಿತ ಸೊಪ್ಪನ್ನು ಕೊಡಬಹುದು, ಹಣ್ಣೆಲೆ ಕೂಡದು. ಹುಳುವು ಒಟ್ಟು ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ರಷ್ಟನ್ನು ಈ ಕೊನೆಯ ಹಂತದಲ್ಲಿಯೇ ತಿನ್ನುವುದರಿಂದ, ಆಗ ಸೊಪ್ಪಿಗೆ ಕೊರತೆಯಾದರೆ ಹಿಂದಿನ ದುಡಿಮೆಯೆಲ್ಲ ವ್ಯರ್ಥ.

4. ಸೊಪ್ಪನ್ನು ತಂಪು ಹೊತ್ತಿನಲ್ಲಿ ಬಿಡಿಸಿ, ಒದ್ದೆ ಗೋಣಿಯ ಮರೆಯಲ್ಲಿ ಬಾಡದಂತೆ ಇಡಬೇಕು.

ಮೊಟ್ಟೆಗೆ ಹಣ ಕೊಡುವ ಮುನ್ನ ರೈತನು ತನ್ನ ತೋಟವನ್ನು ಒಮ್ಮೆ ಸುತ್ತಿ ನೋಡುವುದು ಮೇಲು. ಯಾವ ಜಾತಿಯ ಹುಳುವನ್ನು ಸಾಕಬಹುದೆಂಬುದನ್ನು ಸೊಪ್ಪೇ ತಿಳಿಸುವುದು.