ಬ್ರೇಕ್ ಒತ್ತಿದರೂ ನಿಲ್ಲದ ಕೋಶ

ಗರ್ಭಕಂಠದ ಬಯಾಪ್ಸಿ ವರದಿಯಲ್ಲಿ ಕೆಲವೊಮ್ಮೆ 'ಪಿ16 ಪಾಸಿಟಿವ್' ಎಂದು ಬರೆದಿರುತ್ತದೆ. ಪಿ16 ಒಂದು ಪ್ರೋಟೀನ್. ಕೋಶ ವಿಭಜನೆಯಾಗದಂತೆ ತಡೆಯುವುದೇ ಅದರ ಕೆಲಸ. ತಡೆಯುವ ಪ್ರೋಟೀನು ಹೆಚ್ಚಾದರೆ ಒಳ್ಳೆಯದೇ ಅಲ್ಲವೆ? ವೈದ್ಯರೇಕೆ ಎಚ್ಚರಗೊಳ್ಳುತ್ತಾರೆ?

ಉತ್ತರ ವೈರಸ್ಸಿನಲ್ಲಿದೆ. ಗರ್ಭಕಂಠದ ಕ್ಯಾನ್ಸರಿಗೆ ಬಹುತೇಕ ಎಚ್‌ಪಿವಿ ಎಂಬ ವೈರಸ್ಸೇ ಕಾರಣ. ಜರ್ಮನಿಯ ಹರಾಲ್ಡ್ ಝುರ್ ಹೌಸೆನ್ 1983ರಲ್ಲಿ ಗಡ್ಡೆಗಳೊಳಗೆ ಇದರ 16ನೇ ಬಗೆಯನ್ನು ಪತ್ತೆಮಾಡಿದರು. 2008ರಲ್ಲಿ ಅವರಿಗೆ ನೊಬೆಲ್ ಬಂತು. ಸೋಂಕು ತಗಲಿದ ಹೆಚ್ಚಿನವರಲ್ಲಿ ಅದು ಒಂದೆರಡು ವರ್ಷಗಳಲ್ಲಿ ತಾನಾಗಿ ಹೋಗುತ್ತದೆ. ವರ್ಷಗಟ್ಟಲೆ ಬೀಡುಬಿಟ್ಟರೆ ತೊಂದರೆ.

ಹಾಗೆ ಉಳಿದ ವೈರಸ್ ಇ6, ಇ7 ಎಂಬ ಎರಡು ಪ್ರೋಟೀನು ತಯಾರಿಸುತ್ತದೆ. ಹಾಳಾದ ಕೋಶವನ್ನು ಕೊನೆಗಾಣಿಸುವ ಪಿ53ನ್ನು ಇ6 ನಾಶಮಾಡಿಸುತ್ತದೆ. ವಿಭಜನೆಗೆ ಅಡ್ಡ ನಿಲ್ಲುವ ಆರ್‌ಬಿ ಪ್ರೋಟೀನನ್ನು ಇ7 ಕೈಕಟ್ಟಿ ಕೂರಿಸುತ್ತದೆ. ಪಿ16 ತಡೆಯುವುದು ಆರ್‌ಬಿಯ ಮೂಲಕವೇ. ಹಾಗಾಗಿ ಕೋಶ ಪಿ16 ಎಷ್ಟು ಹೆಚ್ಚಿಸಿದರೂ, ತಂತಿ ತುಂಡಾದ ಸೈಕಲ್ಲಿನ ಬ್ರೇಕ್ ಒತ್ತಿದ ಹಾಗೆ. ಪಿ16 ರಾಶಿ ಬಿದ್ದಿದೆಯೆಂದರೆ ವೈರಸ್ ಕೋಶದ ಹಿಡಿತ ತಪ್ಪಿಸಿದೆ ಎಂದರ್ಥ.

ಪಿ16ರ ಜೊತೆಗಾರ ಕೆಐ-67. ವಿಭಜನೆಯಲ್ಲಿ ತೊಡಗಿದ ಕೋಶಗಳಲ್ಲಿ ಮಾತ್ರ ಕಾಣುವ ಪ್ರೋಟೀನಿದು. ಆರೋಗ್ಯವಂತ ಗರ್ಭಕಂಠದ ಪೊರೆಯಲ್ಲಿ ತಳಭಾಗದ ಕೋಶಗಳಷ್ಟೇ ವಿಭಜನೆಯಾಗುವುದರಿಂದ ಅದು ಅಲ್ಲಿಯೇ ಇರುತ್ತದೆ. ಕ್ಯಾನ್ಸರ್‌ಪೂರ್ವ ಬದಲಾವಣೆ ತೀವ್ರವಾದಂತೆ ಮೇಲಿನ ಪದರಗಳಿಗೂ ಏರುತ್ತದೆ. ಒಂದು ತಡೆಯುವ ಗುರುತು, ಇನ್ನೊಂದು ಬೆಳೆಯುವ ಗುರುತು. ಎರಡೂ ಒಂದೇ ಕೋಶದಲ್ಲಿ ಕಂಡರೆ ಲಯ ತಪ್ಪಿದೆಯೆಂದು ತಿಳಿಯಬೇಕು. ಪ್ಯಾಪ್ ಪರೀಕ್ಷೆಯಲ್ಲಿ ಗರ್ಭಕಂಠದಿಂದ ತೆಗೆದ ಕೋಶಗಳಿಗೆ ಈ ಜೋಡಿ ಬಣ್ಣ ಹಾಕಿ ನೋಡುವುದು ಇದಕ್ಕೇ.

ಮೂರನೆಯದು ರಕ್ತದಲ್ಲಿ ಅಳೆಯುವ ಎಸ್‌ಸಿಸಿ ಆ್ಯಂಟಿಜೆನ್. ಸ್ಕ್ವೇಮಸ್ (ಚಪ್ಪಟೆ ಕೋಶಗಳ) ಬಗೆಯ ಕ್ಯಾನ್ಸರ್ ಹರಡಿದಂತೆ ಇದು ಸಾಮಾನ್ಯವಾಗಿ ಏರುತ್ತದೆ. ಚಿಕಿತ್ಸೆಯಲ್ಲಿ ಇಳಿದು ಮತ್ತೆ ಏರಿದರೆ ರೋಗ ಮರುಕಳಿಸಿದೆಯೇ ಎಂದು ಹುಡುಕುತ್ತಾರೆ. ಚರ್ಮದ, ಮೂತ್ರಪಿಂಡದ ಕೆಲವು ಕಾಯಿಲೆಗಳಲ್ಲೂ ಏರುವುದರಿಂದ ತಪಾಸಣೆಗೆ ಇದೊಂದನ್ನೇ ನಂಬುವಂತಿಲ್ಲ.

ಹೊಸಬರು ನೆನಪಿಡಬೇಕಾದ್ದು ಇಷ್ಟು. ಪಿ16 ಪಾಸಿಟಿವ್ ಎಂದಾಕ್ಷಣ ಕ್ಯಾನ್ಸರ್ ಅಲ್ಲ. ಕ್ಯಾನ್ಸರ್‌ಪೂರ್ವ ಹಂತದಲ್ಲೂ ಅದು ಬರುತ್ತದೆ, ಆ ಹಂತವನ್ನು ಗುಣಪಡಿಸಬಹುದು. ಗಡ್ಡೆ ಎಷ್ಟು ದೂರ ಹರಡಿದೆ ಎಂಬುದನ್ನು ಪಿ16 ಹೇಳಲಾರದು. ಅದಕ್ಕೆ ವೈದ್ಯರ ಪರೀಕ್ಷೆ, ಸ್ಕ್ಯಾನ್ ಬೇಕು. ವರದಿ ಕೈಗೆ ಬಂದಾಗ, ಯಾವ ಗುರುತು ಎಂಬುದರ ಜೊತೆಗೆ ಯಾವ ಹಂತದ ಬದಲಾವಣೆ ಎಂದೂ ಕೇಳಿ.