ಕಾದ ನೆಲದ ಮೇಲಿನ ಆ ಒಂದು ಸೆಂಟಿಮೀಟರ್

ಮೇ ತಿಂಗಳ ಮಧ್ಯಾಹ್ನ ವಡಗೇರಾ ಕಡೆಯ ಎರಿ ಹೊಲದ ಆಚೆ ನೋಡಿ. ದೂರದ ಮರಗಳು ನೀರಿನೊಳಗೆ ಕಂಡಂಗೆ ನಡುಗುತ್ತವೆ. ನೆಲದಿಂದ ಏಳುವ ಬಿಸಿಗಾಳಿಯಲ್ಲಿ ಬೆಳಕು ಬಾಗುವುದರಿಂದ ಹೀಗೆ. ಹೀಟ್ ಟ್ರಾನ್ಸ್‌ಫರ್ ಕ್ಲಾಸಿನಲ್ಲಿ ಈ ಏರುಹರಿವಿಗೆ ಪ್ಲೂಮ್ ಅಂತೀವಿ.

ಪುಸ್ತಕದ ಚಿತ್ರದಲ್ಲಿ ಪ್ಲೂಮ್ ಅಂದ್ರೆ ಅಣಬೆ. ಆದರೆ ಅದು ಪಕ್ಕದಿಂದ ಕತ್ತರಿಸಿ ನೋಡಿದ ನೋಟ. ಮೇಲಿನಿಂದ ನೋಡಿದರೆ ನೆಲದ ಹತ್ತಿರ ಅವು ಉದ್ದನೆಯ ಗೆರೆಗಳು, ಅಂದರೆ ಎದ್ದು ನಿಂತ ತೆಳು ಹಾಳೆಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಾಬುರಾಜ್ ಪುತ್ತನ್‌ವೀಟ್ಟಿಲ್ ಮತ್ತು ಜಯವಂತ್ ಅರಕೇರಿ ಇದನ್ನು ಬೆಂಕಿಯೇ ಇಲ್ಲದೆ ತೋರಿಸಿದರು. ಸಣ್ಣ ರಂಧ್ರಗಳ ಪೊರೆಯ ಮೇಲೆ ಉಪ್ಪುನೀರು, ಕೆಳಗೆ ಸಿಹಿನೀರು. ಉಷ್ಣತೆಯ ಬದಲು ಉಪ್ಪಿನ ವ್ಯತ್ಯಾಸ. ಉಪ್ಪು ಬಹಳ ನಿಧಾನ ಹರಡುವುದರಿಂದ ಚಿಕ್ಕ ತೊಟ್ಟಿಯಲ್ಲೇ ರೇಲಿ ಸಂಖ್ಯೆ ಭಾರೀ ದೊಡ್ಡದಾಗುತ್ತೆ. ಜಾಣ ಉಪಾಯ! ಫಲಿತಾಂಶ 2005ರಲ್ಲಿ ಪ್ರಕಟವಾಯಿತು.

ಗೆರೆಗಳೇ ಯಾಕೆ? ನೆಲಕ್ಕೆ ಅಂಟಿದ ಗಾಳಿ ಚಲಿಸಲ್ಲ. ಅಲ್ಲಿ ಶಾಖ ದಾಟುವುದು ವಹನದಿಂದ ಮಾತ್ರ. ಆ ತೆಳುಪದರ ಕಾದು ಹಗುರಾಗುತ್ತೆ, ಅಸ್ಥಿರವಾಗಿ ಎರಡೂ ಕಡೆಯಿಂದ ಒಂದು ಗೆರೆಗೆ ಹರಿದು ಬಂದು ಮೇಲೇಳುತ್ತೆ. ಪಕ್ಕಪಕ್ಕದ ಗೆರೆಗಳು ಸರಿದು ಕೂಡಿಕೊಳ್ಳುತ್ತವೆ, ಖಾಲಿಯಾದ ಜಾಗದಲ್ಲಿ ಹೊಸದು ಹುಟ್ಟುತ್ತೆ.

ಲೆಕ್ಕ ಹಾಕೋಣ. ನೆಲ 60 ಡಿಗ್ರಿ, ಗಾಳಿ 40 ಡಿಗ್ರಿ ಇರಲಿ. ಸ್ನಿಗ್ಧತೆ ಮತ್ತು ಉಷ್ಣ ವಿಸರಣಾಂಕ ಗುಣಿಸಿ, ತೇಲುವೇಗೋತ್ಕರ್ಷದಿಂದ ಭಾಗಿಸಿ, ಘನಮೂಲ ತೆಗೆದರೆ ಸುಮಾರು 0.9 ಮಿಲಿಮೀಟರ್ ಬರುತ್ತೆ. ಗೆರೆಗಳ ನಡುವಿನ ಸರಾಸರಿ ಅಂತರ ಇದರ ಸುಮಾರು 50 ಪಟ್ಟು, ಅಂದರೆ ನಾಲ್ಕೈದು ಸೆಂಟಿಮೀಟರ್. ನಯವಾದ ನೆಲ, ನಿಂತ ಗಾಳಿಗೆ ಈ ಲೆಕ್ಕ. ಗಾಳಿ ಬೀಸಿದರೆ ಕಥೆಯೇ ಬೇರೆ.

ಈಗ ಎಕ್ಸಾಮ್‌ನಲ್ಲಿ ಬಾಯಿಪಾಠ ಹೊಡೆಯೋ ಸೂತ್ರ ನೋಡಿ: ನುಸೆಲ್ಟ್ ಸಂಖ್ಯೆ ರೇಲಿ ಸಂಖ್ಯೆಯ ಸುಮಾರು ಮೂರನೇ ಒಂದು ಘಾತ. ಬಿಡಿಸಿ ಬರೆದರೆ ಎತ್ತರ ಎರಡೂ ಕಡೆ ಕ್ಯಾನ್ಸಲ್! ಮೇಲೆ ಹತ್ತು ಮೀಟರ್ ಗಾಳಿಯಿರಲಿ, ಸಾವಿರವಿರಲಿ, ಶಾಖ ಎಷ್ಟು ಹೊರಡಬೇಕು ಅನ್ನೋದನ್ನು ತೀರ್ಮಾನಿಸುವುದು ಕೆಳಗಿನ ಒಂದು ಸೆಂಟಿಮೀಟರ್.

ಇದನ್ನೇ ತಗಡಿನ ಮನೆಗೆ ಅನ್ವಯಿಸಿ. ಕಾದ ತಗಡಿನ ಮೇಲ್ಮೈಯಿಂದ ಪ್ಲೂಮ್ ಏಳುತ್ತವೆ, ಕೆಳಮೈಯಿಂದ ಇಲ್ಲ. ಹಗುರ ಗಾಳಿ ಅಲ್ಲೇ ಮೇಲೆ ಅಂಟಿ ಕೂರುತ್ತೆ. ಆದರೂ ಒಳಗೆ ನೆತ್ತಿ ಸುಡುವುದು ಮುಖ್ಯವಾಗಿ ವಿಕಿರಣದಿಂದ. ಅದಕ್ಕೇ ಫ್ಯಾನಿಗಿಂತ ತಗಡಿನಡಿ ಅಡ್ಡ ಕಟ್ಟಿದ ಚಾಪೆ ಆ ಉರಿಯನ್ನು ತಡೆಯುತ್ತೆ. ರಾತ್ರಿ ತಗಡು ಒಳಗಿನ ಗಾಳಿಗಿಂತ ತಣ್ಣಗಾದ ಮೇಲೆ ಅದೇ ಕೆಳಮೈಯಿಂದ ತಂಪು ಪ್ಲೂಮ್‌ಗಳು ಕೆಳಗಿಳಿಯುತ್ತವೆ. ಆಗ ಚಾಪೆ ಸರಿಸಬೇಕು.