ಕಣ್ಣು ಒಣಗಿದರೆ, ಬಾಯಿ ಒಣಗಿದರೆ



ಗದ್ದೆಗೆ ನೀರು ಬೇಕು. ಹಾಗೆಯೇ ನಮ್ಮ ಕಣ್ಣಿಗೂ ನೀರು ಬೇಕು. ಬಾಯಿಗೂ ನೀರು ಬೇಕು.

ಕಣ್ಣೀರು ಅಳುವಾಗ ಮಾತ್ರ ಬರುವುದಲ್ಲ. ಅದು ದಿನವಿಡೀ ಸ್ವಲ್ಪ ಸ್ವಲ್ಪ ಜಿನುಗುತ್ತದೆ. ಕಣ್ಣನ್ನು ತೊಳೆಯುತ್ತದೆ. ಬಾಯಿಯ ಜೊಲ್ಲು ತುತ್ತನ್ನು ನೆನೆಸುತ್ತದೆ. ಹಲ್ಲನ್ನು ಕಾಯುತ್ತದೆ.

ಈ ನೀರು ಯಾಕೆ ಬತ್ತುತ್ತದೆ? ಬತ್ತಿದರೆ ಏನು ಮಾಡಬೇಕು? ಬನ್ನಿ, ತಿಳಿಯೋಣ.

ಉಷ್ಣ ಅಂತ ಸುಮ್ಮನಿರಬಹುದೇ?

ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಕಣ್ಣು ಉರಿದರೆ ಹಿರಿಯರು ಏನಂತಾರೆ? "ಉಷ್ಣ ಕಣವ್ವ, ತಲೆಗೆ ಹರಳೆಣ್ಣೆ ಹಾಕ್ಕೊ" ಅಂತಾರೆ. ಬಿಸಿಲಲ್ಲಿ ಕಬ್ಬು ಕಡಿದ ದಿನ, ಆಲೆಮನೆ ಹೊಗೆಯಲ್ಲಿ ನಿಂತ ದಿನ ಕಣ್ಣು ಉರಿಯುವುದು ಸಹಜ. ಅದು ಒಂದೆರಡು ದಿನದಲ್ಲಿ ಹೋಗುತ್ತದೆ. ತಿಂಗಳುಗಟ್ಟಲೆ ಹೋಗದಿದ್ದರೆ ಅದು ಬರೀ ಉಷ್ಣ ಅಲ್ಲ.

ಈ ಪ್ರಶ್ನೆಗಳನ್ನು ನಿಧಾನವಾಗಿ ಓದಿ. ನಿಮ್ಮನ್ನು ನೀವೇ ಕೇಳಿಕೊಳ್ಳಿ.

1. ಮೂರು ತಿಂಗಳಿಗಿಂತ ಹೆಚ್ಚು ಕಾಲದಿಂದ ದಿನಾ ಕಣ್ಣು ಒಣಗಿ ಉರಿಯುತ್ತಿದೆಯೇ?
2. ಕಣ್ಣಿನಲ್ಲಿ ಮರಳು ಬಿದ್ದ ಹಾಗೆ ಮತ್ತೆ ಮತ್ತೆ ಚುಚ್ಚುತ್ತದೆಯೇ?
3. ಮೂರು ತಿಂಗಳಿಗಿಂತ ಹೆಚ್ಚು ಕಾಲದಿಂದ ದಿನಾ ಬಾಯಿ ಒಣಗುತ್ತಿದೆಯೇ?
4. ಒಣ ತಿಂಡಿ ನುಂಗಲು ಪದೇ ಪದೇ ನೀರು ಕುಡಿಯಬೇಕೇ?

ಮುದ್ದೆಯನ್ನು ನಾವು ಅಗಿಯುವುದಿಲ್ಲ. ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಅದಕ್ಕೇ ಬಾಯಿ ಒಣಗಿರೋದು ಬೇಗ ಗೊತ್ತಾಗದೆ ಇರಬಹುದು. ಮದ್ದೂರು ವಡೆ ಗರಿಗರಿ ಇರುತ್ತದೆ. ಅದನ್ನು ಒಂದು ಚೂರು ತಿಂದು ನೋಡಿ. ನೀರಿಲ್ಲದೆ ಗಂಟಲಿಗೆ ಇಳಿಯದಿದ್ದರೆ ಎಚ್ಚರ ಬೇಕು.

ಒಂದು ಪ್ರಶ್ನೆಗೆ 'ಹೌದು' ಎಂದರೂ ಡಾಕ್ಟರಿಗೆ ತೋರಿಸಿ.

ಬೇಲಿ ಎದ್ದು ಹೊಲ ಮೇಯ್ದಂತೆ

ನಮ್ಮ ಮೈಯಲ್ಲಿ ರೋಗ ತಡೆಯುವ ಶಕ್ತಿ ಇದೆ. ಹೊಲಕ್ಕೆ ಬೇಲಿ ಇದ್ದ ಹಾಗೆ ಅದು ನಮ್ಮನ್ನು ಕಾಯುತ್ತದೆ. ಕೆಲವರಲ್ಲಿ ಈ ಬೇಲಿಯೇ ಎದ್ದು ಹೊಲ ಮೇಯುತ್ತದೆ. ಕಣ್ಣೀರು, ಜೊಲ್ಲು ತಯಾರಿಸುವ ಗ್ರಂಥಿಗಳನ್ನೇ ಹಾಳು ಮಾಡುತ್ತದೆ. ಆಗ ಕಣ್ಣು ಒಣಗುತ್ತದೆ. ಬಾಯಿ ಒಣಗುತ್ತದೆ.

ಇದಕ್ಕೆ ಶೋಗ್ರೆನ್ ಕಾಯಿಲೆ ಎಂದು ಹೆಸರು. ನಮ್ಮ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದು 1933ರಲ್ಲಿ. ಅದೇ ವರ್ಷ ಸ್ವೀಡನ್ ದೇಶದ ಕಣ್ಣಿನ ಡಾಕ್ಟರು ಹೆನ್ರಿಕ್ ಶೋಗ್ರೆನ್ ಈ ಕಾಯಿಲೆಯ ಬಗ್ಗೆ ಬರೆದರು. ಅವರು ನೋಡಿದ್ದು 19 ಹೆಂಗಸರನ್ನು. ಕಾಯಿಲೆಗೆ ಅವರ ಹೆಸರೇ ಉಳಿಯಿತು.

ಈ ಕಾಯಿಲೆ ಬಂದ 10 ಜನರಲ್ಲಿ ಸುಮಾರು 9 ಜನ ಹೆಂಗಸರೇ. 40 ವರ್ಷ ದಾಟಿದ ಮೇಲೆ ಕಾಣಿಸುವುದು ಹೆಚ್ಚು. ಚಿಕ್ಕ ವಯಸ್ಸಿನಲ್ಲೂ ಬರಬಹುದು.

ಇದು ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ. ದೇವರ ಶಾಪವೂ ಅಲ್ಲ. ನಮ್ಮ ತಪ್ಪೂ ಅಲ್ಲ.

ಹೇಳಲಾರದ ಕಷ್ಟ

ಈ ಕಾಯಿಲೆಯಲ್ಲಿ ಕೀಲು ನೋಯುತ್ತದೆ. ಎದ್ದ ಕೂಡಲೇ ಸುಸ್ತು. ಮನೆಯವರು "ಸೋಮಾರಿ" ಅಂತಾರೆ. ಸಾವಿನ ಮನೆಯಲ್ಲಿ ಎದೆ ಒಡೆಯುವಷ್ಟು ದುಃಖವಾದರೂ ಕಣ್ಣೀರು ಬರದೇ ಹೋಗಬಹುದು. ಆಗ ಊರಿನವರು "ಕಲ್ಲು ಮನಸ್ಸು" ಅಂತಾರೆ. ಮನಸ್ಸು ಕಲ್ಲಲ್ಲ. ಕಣ್ಣಿನ ಊಟೆ ಬತ್ತಿದೆ, ಅಷ್ಟೆ.

ಗುಪ್ತಾಂಗವೂ ಒಣಗಬಹುದು. ಗಂಡನ ಜೊತೆ ಸೇರುವಾಗ ನೋವಾಗಬಹುದು. ಇದನ್ನು ಹೇಳಲು ನಾಚಿಕೆ ಬೇಡ. ಇದಕ್ಕೂ ಔಷಧಿ ಇದೆ. ಲೇಡಿ ಡಾಕ್ಟರ ಹತ್ತಿರ ಹೇಳಿ.

ಪರೀಕ್ಷೆ ಹೇಗೆ ಮಾಡುತ್ತಾರೆ?

ಮೊದಲು ಆಶಾ ಕಾರ್ಯಕರ್ತೆಗೆ ಹೇಳಿ. ಮದ್ದೂರು, ಮಳವಳ್ಳಿಯಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಮಂಡ್ಯದಲ್ಲಿ ದೊಡ್ಡಾಸ್ಪತ್ರೆ ಮಿಮ್ಸ್ ಇದೆ. ಹೋಗುವಾಗ ಆಧಾರ್, ಪಡಿತರ ಚೀಟಿ ಜೊತೆಗಿರಲಿ. ನುಂಗುತ್ತಿರುವ ಮಾತ್ರೆಗಳನ್ನೂ ಒಯ್ಯಿರಿ. ನೆಗಡಿ, ತುರಿಕೆಯ ಕೆಲವು ಮಾತ್ರೆಗಳಿಂದಲೂ ಬಾಯಿ ಒಣಗುತ್ತದೆ. ಸಕ್ಕರೆ ಕಾಯಿಲೆಯಿಂದಲೂ ಒಣಗುತ್ತದೆ. ಡಾಕ್ಟರು ಅದನ್ನೂ ನೋಡುತ್ತಾರೆ.

ಕಣ್ಣಿನ ಕೆಳರೆಪ್ಪೆಯೊಳಗೆ ಸಣ್ಣ ಕಾಗದದ ಪಟ್ಟಿ ಇಡುತ್ತಾರೆ. 5 ನಿಮಿಷ ಬಿಡುತ್ತಾರೆ. ಪಟ್ಟಿ 5 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ನೆನೆದರೆ ಕಣ್ಣೀರು ಸಾಲದು ಎಂದು ಅರ್ಥ. ರಕ್ತ ಪರೀಕ್ಷೆ ಮಾಡುತ್ತಾರೆ. ಕೆಲವರಿಗೆ ತುಟಿಯ ಒಳಗಿಂದ ಚಿಕ್ಕ ಚೂರು ತೆಗೆದು ಪರೀಕ್ಷಿಸುತ್ತಾರೆ. ಹೆದರಬೇಡಿ. ಆ ಜಾಗಕ್ಕೆ ಮರಗಟ್ಟುವ ಸೂಜಿ ಕೊಟ್ಟೇ ತೆಗೆಯುತ್ತಾರೆ.

ಔಷಧಿ

ಈ ಕಾಯಿಲೆ ಪೂರ್ತಿ ವಾಸಿಯಾಗುವುದಿಲ್ಲ. ಆದರೆ ಹತೋಟಿಯಲ್ಲಿ ಇಡಬಹುದು. ಕಣ್ಣಿಗೆ ಕಣ್ಣೀರಿನಂಥ ಹನಿ ಔಷಧಿ ಕೊಡುತ್ತಾರೆ. ಜೊಲ್ಲು ಹೆಚ್ಚಿಸಲು ಪೈಲೋಕಾರ್ಪಿನ್ ಎಂಬ ಮಾತ್ರೆ ಇದೆ. ಕೀಲು ನೋವಿಗೆ ಹೈಡ್ರಾಕ್ಸಿ-ಕ್ಲೋರೋಕ್ವಿನ್ ಕೊಡಬಹುದು. ಅದನ್ನು ನುಂಗುವವರು ಡಾಕ್ಟರು ಹೇಳಿದ ಸಮಯಕ್ಕೆ ಕಣ್ಣು ಪರೀಕ್ಷೆ ಮಾಡಿಸಲೇಬೇಕು.

ಈಗ ನಮಗೆ ಓದಲು ಬರುತ್ತದೆ. ಬಾಟ್ಲಿಯ ಮೇಲೆ ತಿಂಗಳು, ವರ್ಷ ಅಂಕಿಯಲ್ಲಿ ಇರುತ್ತದೆ. ಅವಧಿ ಮುಗಿದಿದ್ದರೆ ಹಾಕಬೇಡಿ. ಬಾಟ್ಲಿ ಬಿಚ್ಚಿದ ತಾರೀಖನ್ನು ಅದರ ಮೇಲೇ ಬರೆಯಿರಿ. ಎಷ್ಟು ದಿನ ಬಳಸಬಹುದು ಎಂದು ಡಾಕ್ಟರನ್ನು ಕೇಳಿ.

ಮಾಡಬೇಕಾದ್ದು

• ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಹೊಲಕ್ಕೆ ಹೋಗುವಾಗ ಬಾಟ್ಲಿಯಲ್ಲಿ ನೀರು ಒಯ್ಯಿರಿ.
• ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆ ಎರಡು ಸಲ ಹಲ್ಲುಜ್ಜಿ. ಜೊಲ್ಲು ಇಲ್ಲದಿದ್ದರೆ ಹಲ್ಲು ಬೇಗ ಹುಳುಕಾಗುತ್ತದೆ.
• ಗಾಳಿ, ಧೂಳು, ಹೊಗೆಯಿಂದ ಕಣ್ಣನ್ನು ಕಾಪಾಡಿ. ಬಸ್ಸಿನಲ್ಲಿ ಕಿಟಕಿ ಮುಚ್ಚಿ.

ಮಾಡಬಾರದ್ದು

• ಕಣ್ಣಿಗೆ ಎದೆಹಾಲು, ಎಣ್ಣೆ, ಸೊಪ್ಪಿನ ರಸ ಹಿಂಡಬೇಡಿ. ಕಣ್ಣು ಕೀವು ತುಂಬಬಹುದು.
• ಅಂಗಡಿಯಲ್ಲಿ ಕೇಳಿ ತಂದ ಡ್ರಾಪ್ಸ್ ಹಾಕಬೇಡಿ. ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ತುಂಬಾ ದಿನ ಹಾಕಿದರೆ ದೃಷ್ಟಿಯೇ ಹೋಗಬಹುದು.
• ಕಡ್ಡಿಪುಡಿ, ಹೊಗೆಸೊಪ್ಪು ಬಿಡಿ.
• ಬೆಲ್ಲದ ಚೂರನ್ನು ಬಾಯಲ್ಲಿ ಇಟ್ಟುಕೊಂಡು ಚೀಪಬೇಡಿ. ಬೆಲ್ಲ ನಮ್ಮ ಊರಿನದೇ, ಆದರೂ ಒಣ ಬಾಯಿಗೆ ಆಗದು.

ತಡ ಮಾಡದೆ ಹೋಗಿ

• ಕಣ್ಣು ಕೆಂಪಗಾಗಿ ನೋವು ಬಂದರೆ, ನೋಟ ಮಂಜಾದರೆ.
• ದವಡೆ ಹತ್ತಿರ, ಕತ್ತಿನಲ್ಲಿ ಗಂಟು ಬಂದು ಇಳಿಯದಿದ್ದರೆ.
• ಇದ್ದಕ್ಕಿದ್ದಂತೆ ಕೈಕಾಲಿನ ಬಲ ಹೋದರೆ. ಕೆಲವರಲ್ಲಿ ಈ ಕಾಯಿಲೆ ಮೂತ್ರಪಿಂಡಕ್ಕೂ ತಗಲುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣ ಕಡಿಮೆಯಾಗಿ ಹೀಗಾಗಬಹುದು. ಇದು 'ಗಾಳಿ ಸೋಕಿದ್ದು' ಅಲ್ಲ. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಈ ಕಾಯಿಲೆ ಇರುವವರು ಬಸುರಿಯಾದರೆ ಮೊದಲನೇ ತಪಾಸಣೆಯಲ್ಲೇ ಡಾಕ್ಟರಿಗೆ ಹೇಳಬೇಕು. ಕೆಲವೊಮ್ಮೆ ಮಗುವಿನ ಹೃದಯದ ಬಡಿತಕ್ಕೆ ತೊಂದರೆಯಾಗಬಹುದು. ಮುಂಚೆ ಗೊತ್ತಿದ್ದರೆ ಜಾಗ್ರತೆ ಮಾಡುತ್ತಾರೆ.

ಮನೆಯವರೂ ಈ ಪಾಠ ಕೇಳಲಿ. ಒಲೆಯ ಮುಂದಿನ ಕೆಲಸ ಹಂಚಿಕೊಳ್ಳಲಿ. ಕಾಯಿಲೆ ಇದ್ದರೂ ಬಾಳು ನಡೆಸಬಹುದು. ಬೇಗ ತೋರಿಸಬೇಕು, ದಿನಾ ಆರೈಕೆ ಮಾಡಿಕೊಳ್ಳಬೇಕು.

ಹೇಳಿ ನೋಡೋಣ

1. ಈ ಕಾಯಿಲೆಯಲ್ಲಿ ಬೇಲಿ ಯಾವುದು? ಹೊಲ ಯಾವುದು?
2. ಕಣ್ಣಿಗೆ ಏನೇನು ಹಾಕಬಾರದು?
3. ನಿಮ್ಮ ಕೇರಿಯಲ್ಲಿ ಇಂಥ ಕಷ್ಟ ಯಾರಿಗಾದರೂ ಇದೆಯೇ? ಇದ್ದರೆ ಅವರಿಗೆ ಈ ಪಾಠ ಓದಿ ಹೇಳಿ.

ಬರೆಯಿರಿ

ಕಣ್ಣೀರು, ಜೊಲ್ಲು, ಗ್ರಂಥಿ, ಕೀಲು, ಹನಿ, ಹತೋಟಿ.